ಕಾನು, ಬೆಟ್ಟ, ಕೂಪು

ಕಾಡು ಎಂಬ ಒಂದೇ ಶಬ್ದದಿಂದ ಬಯಲುಸೀಮೆಯವರು ತೃಪ್ತರಾಗಬಹುದು. ಮಲೆನಾಡಿನವರಿಗೆ ಅದು ಸಾಲದು. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊರಟು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳ ಯಾವ ಊರಿನಲ್ಲಿಯಾದರೂ ನಿಂತು ವಿಚಾರಿಸಿದರೆ, ಮರ ಬೆಳೆದ ನೆಲಕ್ಕೆ ಕಾನು, ಹಾಡಿ, ಸೊಪ್ಪಿನಬೆಟ್ಟ, ಹಕ್ಕಲು, ಬ್ಯಾಣ, ಕುಮರಿ ಎಂದು ಬೇರೆ ಬೇರೆ ಹೆಸರು ಹೇಳುತ್ತಾರೆ. ಮೇಲುನೋಟಕ್ಕೆ ಇವು ಮರಗಳ ದಟ್ಟಣೆಯನ್ನು ಸೂಚಿಸುವ ಮಾತುಗಳೆಂದು ತೋರುತ್ತದೆ. ವಾಸ್ತವವಾಗಿ ಇವು ಹಕ್ಕಿನ ಮಾತುಗಳು. ಯಾವ ನೆಲದಲ್ಲಿ ಯಾರು ಸೊಪ್ಪು ಕಡಿಯಬಹುದು, ಯಾರು ದನ ಬಿಡಬಹುದು, ಯಾರು ಮೆಣಸು ಕೊಯ್ಯಬಹುದು, ಎಲ್ಲಿ ಕೊಡಲಿಯನ್ನೇ ಒಯ್ಯಬಾರದು ಎಂಬ ಒಂದು ಕಟ್ಟಳೆಯ ಪುಸ್ತಕವೇ ಈ ಆರೇಳು ಶಬ್ದಗಳಲ್ಲಿ ಅಡಗಿದೆ.

ಕಾನು ಎಂಬುದು ಬಲು ಹಳೆಯ ಮಾತು. ತಮಿಳಿನಲ್ಲಿ ಕಾ, ಕಾನ್, ಕಾನಮ್ ಎಂಬ ರೂಪಗಳಿವೆ. ಸಂಸ್ಕೃತದ ಕಾನನವೂ ದಕ್ಷಿಣದಿಂದಲೇ ಹೋದ ಪದವೆಂದು ಅಭಿಪ್ರಾಯಪಡುವ ಭಾಷಾವಿಜ್ಞಾನಿಗಳಿದ್ದಾರೆ. ನಮ್ಮ ಸಾಹಿತ್ಯಾಭ್ಯಾಸಿಗಳಿಗೆ ಈ ಪದ ಕುವೆಂಪು ಅವರ ಕಾದಂಬರಿಯ ಕಾನೂರಿನಲ್ಲಿ ಪರಿಚಿತವಾದದ್ದು. ಹೆಗ್ಗಡತಿಯ ಕಡೆಗೆ ಗಮನ ಕೊಟ್ಟಷ್ಟು ಅವಳ ಊರಿನ ಹೆಸರಿನ ಕಡೆಗೆ ನಾವು ಕೊಟ್ಟಿಲ್ಲ. ಪಟ್ಟಿಯಲ್ಲಿ ನಾನು ಸೇರಿಸದೆ ಬಿಟ್ಟ ಇನ್ನೊಂದು ಮಾತಿದೆ, ಕೂಪು. ಮಲೆನಾಡಿನಲ್ಲಿ ‘ಕೂಪಿನ ಲಾರಿ’, ‘ಕೂಪಿನ ಕೆಲಸ’ ಎಂದರೆ ಅರಿಯದವರಿಲ್ಲ. ಅದು ಕನ್ನಡದ ಕೂಪವಲ್ಲ. ಕತ್ತರಿಸು ಎಂಬರ್ಥದ ಫ್ರೆಂಚ್ ಧಾತುವಿನಿಂದ ಹುಟ್ಟಿ, ಒಂದು ವರ್ಷದಲ್ಲಿ ಕಡಿಯಬೇಕೆಂದು ಗುರುತುಮಾಡಿದ ಕಾಡಿನ ತುಂಡಿಗೆ ಹೆಸರಾದದ್ದು. ಹಿಂದೆ ಭಾರತಕ್ಕೆ ಬರುತ್ತಿದ್ದ ಬ್ರಿಟಿಷ್ ಅರಣ್ಯಾಧಿಕಾರಿಗಳು ಫ್ರಾನ್ಸಿನ ನಾನ್ಸಿಯ ಶಾಲೆಯಲ್ಲಿ ಕಲಿತು ಬರುತ್ತಿದ್ದುದರಿಂದ, ಆ ಮಾತು ಇಂಗ್ಲಿಷರ ಬಾಯಿಯ ಮೂಲಕ ನಮ್ಮ ಆಳುಗಳ ಬಾಯಿಗೆ ಬಂದು ನೆಲೆಸಿತು. ಕಾನು, ಬೆಟ್ಟ, ಕೂಪು ಎಂಬ ಈ ಮೂರು ಮಾತುಗಳ ನಡುವೆ ಇನ್ನೂರು ವರ್ಷಗಳ ಒಂದು ಚರಿತ್ರೆಯಿದೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಯೂರೋಪು, ಅಮೆರಿಕಗಳಲ್ಲಿ ಸ್ವಂತ ಕಾಡುಳ್ಳ ಹಿಡುವಳಿದಾರರು ತಜ್ಞರಿಗೆ ಹಣ ಕೊಟ್ಟು ಸಲಹೆ ಪಡೆಯುತ್ತಾರೆ. ಯಾವ ಮರ ಉಳಿಸಬೇಕು, ಯಾವುದನ್ನು ತೆಗೆಯಬೇಕು, ನೀರು ಮಣ್ಣು ಹಕ್ಕಿಗಳು ಕೆಡದಂತೆ ಆದಾಯವನ್ನು ಹೇಗೆ ಪಡೆಯಬೇಕು ಎಂದು ಹೇಳುವುದೇ ಅಲ್ಲಿ ಒಂದು ವೃತ್ತಿ. ನಮ್ಮಲ್ಲಿಯೂ ‘ಸುಸ್ಥಿರ’ ಎಂಬ ವಿಶೇಷಣ ಈಗ ಎಲ್ಲ ಸಭೆಗಳಲ್ಲಿ ಕೇಳಿಬರುತ್ತಿದೆ. 2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರವೂ ಒಂದು ಪಾಠ. ಸಂತೋಷವೇ. ಆದರೆ ನೆಲದ ಒಡೆಯನು ಮರವನ್ನು ಸಾಕುತ್ತ ಅದರಿಂದಲೇ ಬದುಕುವ ವಿದ್ಯೆ ಈ ಸೀಮೆಗೆ ಹೊಸದಾಗಿ ಬರುತ್ತಿದೆ ಎಂಬ ಭಾವನೆ ಮಾತ್ರ ಸರಿಯಲ್ಲ. ಕನ್ನಡ ಕಲಿಸಿ ನಿವೃತ್ತನಾದ ನನಗೆ ಅರಣ್ಯಶಾಸ್ತ್ರದ ಅಧಿಕಾರವಿಲ್ಲ. ಹಳೆಯ ಬರಹಗಳನ್ನು ಓದುವ ಅಭ್ಯಾಸವಷ್ಟೇ ಇದೆ. ಆ ಬಲದಿಂದ ಕೆಲವು ಮಾತುಗಳನ್ನು ಹೇಳಬಹುದು.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಹೊಸದಾಗಿ ಕೈಸೇರಿದ ಸೀಮೆ ಎಂಥದೆಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದನು. 1801ರಲ್ಲಿ ಆತ ಕರಾವಳಿಯಿಂದ ಘಟ್ಟ ಹತ್ತಿ ಸೋದೆ, ಬನವಾಸಿ, ಚಂದ್ರಗುತ್ತಿ, ಇಕ್ಕೇರಿ, ನಗರಗಳ ಮಾರ್ಗವಾಗಿ ಶಿವಮೊಗ್ಗಕ್ಕೆ ಬಂದನು. ಸಸ್ಯಗಳನ್ನು ಬಲ್ಲವನಾದ್ದರಿಂದ ದಾರಿಯುದ್ದಕ್ಕೂ ಕಾಡುಗಳನ್ನು ಕುರಿತು ಬರೆದನು. ದಟ್ಟವಾದ ನಿತ್ಯಹಸುರಿನ ಕಾಡಿನಲ್ಲಿ ಕರಿಮೆಣಸು ತಾನೇ ತಾನಾಗಿ ಬೆಳೆಯುವುದನ್ನೂ ಅದನ್ನು ಊರವರು ಸಾಕುವ ಕ್ರಮವನ್ನೂ ಆತ ಗಮನಿಸಿದ್ದಾನೆ. ಆ ಸಾಕಣೆ ಬಲು ಮಿತವಾದದ್ದು. ಬಳ್ಳಿಗಳ ನಡುವಿನ ಪೊದೆಗಳನ್ನು ಸವರುವುದು, ಆಸರೆಯಿಲ್ಲದ ಬಳ್ಳಿಗೆ ಮರವನ್ನು ತೋರಿಸುವುದು, ನೆರಳು ಅತಿಯಾದ ಕಡೆ ಒಂದೆರಡು ಕೊಂಬೆ ತೆಗೆಯುವುದು, ಇಷ್ಟೇ. ಕಾಡು ಕಾಡಾಗಿಯೇ ಇರುತ್ತಿತ್ತು, ಮೆಣಸು ಹಡಗನ್ನೇರುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು, ಕೆಳದಿಯ ಅರಸರು ಅದೇ ಮೆಣಸಿನ ವ್ಯಾಪಾರದಿಂದ ಬಲಿತದ್ದು ಎಲ್ಲರೂ ಬಲ್ಲ ಸಂಗತಿ. ಆ ಸಿರಿಯ ಒಂದು ಪಾಲು ಉತ್ತ ಹೊಲದಿಂದ ಬಂದುದಲ್ಲ, ಉಳದೆ ಬಿಟ್ಟ ಕಾನಿನಿಂದ ಬಂದದ್ದು.

ಕಾನಿನಲ್ಲಿ ಮೆಣಸೊಂದೇ ಇರಲಿಲ್ಲ. ಬೈನೆ ಮರದ ಕಳ್ಳು, ದಾಲ್ಚಿನ್ನಿಯ ಚಕ್ಕೆ ಮೊಗ್ಗು, ಉಪ್ಪಾಗೆ, ಮುರುಗಲು, ವಾಟೆಹುಳಿ, ರಾಮಪತ್ರೆ, ಹಲಸು, ಉಪ್ಪಿನಕಾಯಿಯ ಅಪ್ಪೆಮಿಡಿ, ಹೆಜ್ಜೇನು. ಇವೆಲ್ಲಕ್ಕಿಂತ ಮಿಗಿಲಾದದ್ದು ನೀರು. ಸೊರಬದ ಕಡೆಯ ಹಳ್ಳಿಗಳಲ್ಲಿ ಮೇಲೆ ಕಾನು, ಅದರ ಬುಡದಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ ತೋಟ ಎಂಬ ಕ್ರಮವನ್ನು ಇಂದಿಗೂ ಅಲ್ಲಲ್ಲಿ ನೋಡಬಹುದು. ಕಾನು ಮಳೆಗಾಲದ ನೀರನ್ನು ಹಿಡಿದು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ ಎಂದು ಈಗಿನ ಪರಿಸರವಿಜ್ಞಾನಿಗಳು ಹೇಳುವುದನ್ನು ಕಾನಿನ ಬುಡದಲ್ಲಿ ಕೆರೆ ಕಟ್ಟಿದವನು ಕೈಯಿಂದ ಮಾಡಿ ತೋರಿಸಿದ್ದಾನೆ.

ಬುಕಾನನ್ನನ ಒಂದು ಟೀಕೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಕರಾವಳಿಯ ಕಡೆ ಕಾಡುಗಳು ಊರ ದೇವರ ಸೊತ್ತೆಂದೂ, ಪೂಜಾರಿಯ ಮೂಲಕ ಅಪ್ಪಣೆ ಪಡೆಯದೆ ಮರ ಕಡಿಯಬಾರದೆಂದೂ ಜನ ಅವನಿಗೆ ಹೇಳಿದರು. ಅದನ್ನು ಬರೆದುಕೊಂಡ ಬುಕಾನನ್, ಸರ್ಕಾರ ಕಾಡಿನ ಮೇಲೆ ಹಕ್ಕು ಸ್ಥಾಪಿಸದಂತೆ ಮಾಡಿದ ಉಪಾಯವೇ ಇದೆಂದು ಸಂಶಯಪಟ್ಟನು. ದೈವಭಕ್ತರು ಈ ಮಾತಿಗೆ ಮುನಿಯಬಹುದು. ನನಗಂತೂ ಆತ ಅರ್ಧ ಸತ್ಯವನ್ನು ಹಿಡಿದನೆಂದೇ ತೋರುತ್ತದೆ. ಉಪಾಯವೇ ಸರಿ. ಆದರೆ ಸರ್ಕಾರವೊಂದರಿಂದ ಮಾತ್ರವಲ್ಲ, ಊರಿನ ದುರಾಶೆಯವನಿಂದಲೂ ಕಾನನ್ನು ಕಾಯುವ ಉಪಾಯ ಅದು. ಕಾವಲುಗಾರನಿಗೆ ಸಂಬಳವಿಲ್ಲ, ರಾತ್ರಿ ನಿದ್ರೆಯಿಲ್ಲ, ಲಂಚವೂ ತಾಗದು. ಅಂಥ ಕಾವಲುಗಾರನನ್ನು ಮುಂದೆ ಯಾವ ಇಲಾಖೆಯೂ ನೇಮಿಸಿಕೊಳ್ಳಲಾರದೆ ಹೋಯಿತು.

ಹಾಗೆಂದು ಕಾನಿನ ಕಾಲವನ್ನು ಸತ್ಯಯುಗವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಕಾನಿನ ಮೆಣಸು ಯಾರ ಕಣಜಕ್ಕೆ ಹೋಯಿತು, ಮರ ಹತ್ತಿದವರು ಯಾರು ಎಂದು ಕೇಳಿದರೆ ಉತ್ತರ ಎರಡು ಬೇರೆ ಬೇರೆ ಕೇರಿಗಳನ್ನು ತೋರಿಸುತ್ತದೆ. ಬೆಟ್ಟದ ವಿಷಯವೂ ಅಷ್ಟೆ. ಅಡಕೆ ತೋಟಕ್ಕೆ ಗೊಬ್ಬರವಾಗಿ ಹಸಿ ಸೊಪ್ಪು, ಒಣ ದರಗು ಬೇಕು. ಅದಕ್ಕಾಗಿ ತೋಟದ ಮೇಲ್ಗಡೆಯ ಗುಡ್ಡವನ್ನು ತೋಟಿಗನಿಗೆ ಹಚ್ಚಿಕೊಡುವುದು ವಾಡಿಕೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ದೊರೆಯುತ್ತಿತ್ತು. ಆ ಸೊಪ್ಪನ್ನು ಕಡಿದು ಹೊತ್ತವನಿಗೆ ತೋಟವೂ ಇರಲಿಲ್ಲ, ಬೆಟ್ಟವೂ ಇರಲಿಲ್ಲ. 1951ರ ಕಾಗೋಡು ಸತ್ಯಾಗ್ರಹ ಸಾಗರದ ಈ ನೆಲದಲ್ಲಿಯೇ ನಡೆದದ್ದು ಆಕಸ್ಮಿಕವಲ್ಲ. ಇಷ್ಟನ್ನು ಒಪ್ಪಿಕೊಂಡೂ, ಬೆಟ್ಟವನ್ನು ನೋಡಿಕೊಳ್ಳುವ ವಿದ್ಯೆಯೊಂದಿತ್ತು ಎಂದು ಹೇಳಬೇಕಾಗುತ್ತದೆ. ನಮ್ಮ ಮನೆಗೂ ಸಾಗರದ ಕಡೆ ಸ್ವಲ್ಪ ತೋಟ, ಅದಕ್ಕೆ ಹೊಂದಿದ ಬೆಟ್ಟ ಇದ್ದವು. ಮತ್ತಿ, ಹೊನ್ನೆ, ನಂದಿ, ಕಿಂದಳ, ನೇರಳೆಗಳು ಅಲ್ಲಿನ ಮರಗಳು. ಒಂದು ವರ್ಷ ಸೊಪ್ಪು ಕಡಿದ ಮರಕ್ಕೆ ಮರುವರ್ಷ ಕತ್ತಿ ಹಾಕುತ್ತಿರಲಿಲ್ಲ. ತುದಿಯ ಕುಡಿಯನ್ನು ಮುಟ್ಟುತ್ತಿರಲಿಲ್ಲ. ಕೊಂಬೆಯ ಬುಡವನ್ನು ಒಂದು ಗೇಣು ಬಿಟ್ಟು ಕಡಿಯಬೇಕು, ತೊಗಟೆ ಸೀಳಬಾರದು ಎಂದು ನನ್ನ ಬಾಲ್ಯದಲ್ಲಿ ಮರ ಹತ್ತುತ್ತಿದ್ದ ಒಬ್ಬ ಹಿರಿಯರು ಕಿರಿಯರನ್ನು ಗದರಿಸುತ್ತಿದ್ದುದು ನೆನಪಿದೆ. ಓದುಬರಹ ಅರಿಯದ ಆ ಸಲಹೆಗಾರರಿಗೆ ಕೂಲಿ ಸಿಕ್ಕಿತು, ಶುಲ್ಕ ಸಿಗಲಿಲ್ಲ.

ಮೈಸೂರು ಸೀಮೆಯಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದದ್ದು 1864ರಲ್ಲಿ. ಅದೇ ವರ್ಷ ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಬ್ರಿಟಿಷ್ ಭಾರತದ ಅರಣ್ಯಗಳ ಮಹಾನಿರೀಕ್ಷಕನಾದನು. ಬಾನ್ ನಗರದವನು, ಬರ್ಮಾದ ತೇಗದ ಕಾಡಿನಲ್ಲಿ ಪಳಗಿದವನು. 1868ರ ಮೇ ತಿಂಗಳಲ್ಲಿ ಆತ ಗ್ರಾಂಟ್ ಎಂಬ ಅಧಿಕಾರಿಯೊಡನೆ ಕೂಡಿ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಒಂದು ವರದಿ ಕೊಟ್ಟನು. ಆ ತಾಲ್ಲೂಕೊಂದರಲ್ಲಿಯೇ 171 ಕಾನುಗಳು, ಒಟ್ಟು 32,594 ಎಕರೆ. ಸರಾಸರಿ ತೆಗೆದರೆ ಒಂದೊಂದು ಕಾನು ಇನ್ನೂರು ಎಕರೆಗೆ ಸ್ವಲ್ಪ ಕಡಮೆ. ಅಂದರೆ ಇವು ದೊಡ್ಡ ಮಹಾರಣ್ಯದ ತುಂಡುಗಳಲ್ಲ. ಊರಿಗೊಂದರಂತೆ, ಗದ್ದೆ ಬಯಲುಗಳ ನಡುವೆ ದ್ವೀಪಗಳಂತೆ ಉಳಿಸಿಕೊಂಡ ಕಾಡುಗಳು.

ಬ್ರಾಂಡಿಸನನ್ನು ಕಾಡು ಕಸಿದ ಸಾಮ್ರಾಜ್ಯದ ಪ್ರತಿನಿಧಿ ಎಂದು ಈಚೆಗೆ ಕೆಲವರು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ಇದು ಅನ್ಯಾಯ. ಹಳ್ಳಿಗಳಿಗೆ ಅವುಗಳದೇ ಕಾಡು ಇರಬೇಕೆಂದು ಆತ ಕೊನೆಯವರೆಗೂ ವಾದಿಸಿದನು. ಕಾಡೆಲ್ಲ ಸರ್ಕಾರದ್ದು, ಜನರಿಗೆ ಇರುವುದು ಹಕ್ಕಲ್ಲ, ಬರೀ ರಿಯಾಯಿತಿ ಎಂದು ವಾದಿಸಿದವನು ಬೇಡನ್-ಪೊವೆಲ್. 1878ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಗೆದ್ದದ್ದು ಬೇಡನ್-ಪೊವೆಲ್ಲನ ವಾದ. ಮೈಸೂರು ಸಂಸ್ಥಾನ ತನ್ನದೇ ಅರಣ್ಯ ರೆಗ್ಯುಲೇಷನ್ನನ್ನು 1900ರಲ್ಲಿ ಮಾಡಿಕೊಂಡಿತು. ಹಕ್ಕು, ರಿಯಾಯಿತಿ ಎಂಬ ಈ ಎರಡು ಪದಗಳ ನಡುವಣ ಅಂತರ ಕೋಶದಲ್ಲಿ ಚಿಕ್ಕದು, ನೆಲದ ಮೇಲೆ ಬಹು ದೊಡ್ಡದು. ರಿಯಾಯಿತಿಯಾದದ್ದನ್ನು ನಾಳೆ ಹಿಂದಕ್ಕೆ ಪಡೆಯಬಹುದು. ನಾಳೆ ಹಿಂದಕ್ಕೆ ಪಡೆಯಬಹುದಾದ ಮರವನ್ನು ಇಂದು ಯಾರೂ ಮಕ್ಕಳಂತೆ ಸಾಕುವುದಿಲ್ಲ.

ಇದಕ್ಕೆ ಶ್ರೀಗಂಧಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 1792ರಲ್ಲಿ ಟಿಪ್ಪು ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಬಂದ ಆಳರಸರೆಲ್ಲ ಆ ಒಂದು ವಿಷಯದಲ್ಲಿ ಟಿಪ್ಪುವಿನ ನಿಷ್ಠಾವಂತ ಶಿಷ್ಯರಾದರು. ಮರ ರೈತನ ಹಿತ್ತಿಲಲ್ಲಿ ಹುಟ್ಟಿದರೂ ಸರ್ಕಾರದ್ದು. ಕಳವಾದರೆ ಮೊದಲ ಸಂಶಯ ಹಿತ್ತಿಲಿನವನ ಮೇಲೆ. ಆದ್ದರಿಂದ ಗಂಧದ ಸಸಿ ಎರಡೆಲೆ ಬಿಟ್ಟು ತಲೆಯೆತ್ತಿದೊಡನೆ ಅದನ್ನು ಕಿತ್ತೆಸೆಯುವುದೇ ಬುದ್ಧಿವಂತಿಕೆಯಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ರಫ್ತು ನಿಂತುಹೋದಾಗ 1916ರಲ್ಲಿ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆ ಸ್ಥಾಪನೆಯಾಯಿತು, 1944ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಇನ್ನೊಂದು. ಗಂಧದ ಕೋಠಿ, ಕಾರ್ಖಾನೆ, ಸಾಗರ ಸೊರಬಗಳ ಗುಡಿಗಾರರ ಕೆತ್ತನೆ, ಇಷ್ಟೆಲ್ಲ ಇದ್ದ ಜಿಲ್ಲೆಯಲ್ಲಿ ಮರವನ್ನು ಬೆಳೆಸಬಲ್ಲ ನೆಲದ ಒಡೆಯನೊಬ್ಬನೇ ಆ ವ್ಯವಹಾರದ ಹೊರಗಿದ್ದನು. ತನ್ನ ನೆಲದ ಗಂಧ ತನ್ನದೇ ಎಂಬ ತಿದ್ದುಪಡಿ ಕಾನೂನಿನಲ್ಲಿ ಬಂದದ್ದು 2001ರಲ್ಲಿ. ಎರಡು ಶತಮಾನಗಳ ಅಭ್ಯಾಸ ಒಂದು ತಿದ್ದುಪಡಿಯಿಂದ ಹೋಗುವುದಿಲ್ಲವಾದರೂ ಈಗ ಗಂಧವನ್ನು ನೆಡುವ ರೈತರು ಕಾಣಿಸತೊಡಗಿದ್ದಾರೆ. ಕಳ್ಳರ ಭಯ ಮಾತ್ರ ಹಾಗೆಯೇ ಇದೆ.

ಈಗ ಭದ್ರಾವತಿಗೆ ಬರೋಣ. ಆಕಾಶವಾಣಿ 1965ರಿಂದ ಈ ಸೀಮೆಗೆ ಮಾತನಾಡುತ್ತಿರುವುದೂ ಆ ಊರಿನಿಂದಲೇ. ಹಿಂದೆ ಅದರ ಹೆಸರು ಬೆಂಕಿಪುರ; ವಂಕಿಪುರವೆಂಬ ರೂಪವೂ ಉಂಟು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಹಳೆಯ ಊರಿಗೆ ಬೆಂಕಿಯ ಹೆಸರು ಹೇಗೆ ಬಂದಿತೋ, ಬಂದ ಹೆಸರು ಮಾತ್ರ ಸಾರ್ಥಕವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಭದ್ರೆಯ ನೀರು ಎಲ್ಲ ಹತ್ತಿರವಿದ್ದವು. ಕಲ್ಲಿದ್ದಲು ಮಾತ್ರ ಬಂಗಾಳ ಬಿಹಾರಗಳಷ್ಟು ದೂರ. ಆದ್ದರಿಂದ ಕಾಡಿನ ಕಟ್ಟಿಗೆಯನ್ನೇ ಇದ್ದಿಲಾಗಿಸಿ ಕಬ್ಬಿಣ ಕರಗಿಸುವುದೆಂದು ನಿಶ್ಚಯವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷ 1918ರಲ್ಲಿ ಕಾರ್ಯ ಆರಂಭವಾಗಿ, 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಟ್ಟಿಗೆಯ ಭಟ್ಟಿ ಇಳಿಸುವ ಮಾತಿತ್ತು. ಮುಚ್ಚಿದ ಕೊಠಡಿಗಳಲ್ಲಿ ಮರವನ್ನು ಬೇಯಿಸಿದರೆ ಇದ್ದಿಲಿನೊಡನೆ ಡಾಂಬರು, ಮರದ ಮದ್ಯಸಾರ, ಅಸಿಟೇಟುಗಳೂ ದೊರೆಯುತ್ತಿದ್ದವು. ಹೊಗೆಯನ್ನೂ ವ್ಯರ್ಥಮಾಡದ ಮಿತವ್ಯಯ ವಿಶ್ವೇಶ್ವರಯ್ಯನವರ ಮನೋಧರ್ಮಕ್ಕೆ ಒಪ್ಪುವಂಥದೇ. ಗಂಧಕದ ಸೋಂಕಿಲ್ಲದ ಇದ್ದಿಲಿನ ಕಬ್ಬಿಣಕ್ಕೆ ಒಳ್ಳೆಯ ಹೆಸರೂ ಬಂದಿತು.

ಆದರೆ ಲೆಕ್ಕ ನೋಡಿರಿ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚು ಕಡಮೆ ಒಂದು ಟನ್ ಇದ್ದಿಲು. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಒಣ ಕಟ್ಟಿಗೆ. ಕುಲುಮೆ ಹಬ್ಬವೆಂದು ಆರುವುದಲ್ಲ, ಮಳೆಗಾಲವೆಂದು ನಿಲ್ಲುವುದಲ್ಲ. ಕಾಡಿನೊಳಕ್ಕೆ ಸಣ್ಣ ರೈಲು ಹಳಿಗಳು ಹಬ್ಬಿದವು. ಕಾಡು ವರ್ಷಕ್ಕಿಷ್ಟೆಂದು ಕೂಪುಗಳಾಗಿ ವಿಂಗಡವಾಯಿತು. ಕಡಿದ ಕೂಪು ಮತ್ತೆ ಚಿಗುರಿ ಬೆಳೆಯುವ ಹೊತ್ತಿಗೆ ಸರದಿ ಸುತ್ತಿಬರಬೇಕು, ಎಷ್ಟು ಬೆಳೆಯುವುದೋ ಅಷ್ಟನ್ನೇ ಕಡಿಯಬೇಕು ಎಂಬುದು ತತ್ವ.

ಈ ತತ್ವದ ಹುಟ್ಟನ್ನು ಹುಡುಕಿಕೊಂಡು ಹೋದರೆ ಒಂದು ಸೋಜಿಗ ಕಾಣುತ್ತದೆ. ಈಗ ಎಲ್ಲರ ಬಾಯಲ್ಲಿರುವ ಸುಸ್ಥಿರತೆಯ ಕಲ್ಪನೆಯನ್ನು ಅರಣ್ಯಶಾಸ್ತ್ರದಲ್ಲಿ ಮೊದಲು ಸ್ಪಷ್ಟವಾಗಿ ಬರೆದವನು ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್, 1713ರಲ್ಲಿ. ಆತ ಋಷಿಯಲ್ಲ, ಸಸ್ಯಪ್ರೇಮಿಯೂ ಅಲ್ಲ, ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಆಡಳಿತ ನಡೆಸುತ್ತಿದ್ದವನು. ಬೆಳ್ಳಿ ಕರಗಿಸುವ ಕುಲುಮೆಗಳಿಗೆ ಮುಂದೆ ಸೌದೆ ಸಾಲದೆ ಬಂದೀತೆಂಬ ಚಿಂತೆಯಿಂದ ಆ ಮಾತು ಹುಟ್ಟಿತು. ಕುಲುಮೆಯ ಚಿಂತೆಯಿಂದ ಹುಟ್ಟಿದ ಶಾಸ್ತ್ರ ಬ್ರಾಂಡಿಸನ ಕೈಯಲ್ಲಿ ಭಾರತಕ್ಕೆ ಬಂದು, ಬೆಂಕಿಪುರದಲ್ಲಿ ಮತ್ತೆ ಕುಲುಮೆಯ ಬಾಯಿಗೇ ಬಂದು ನಿಂತಿತು. ಅದರಲ್ಲಿ ಎಣಿಕೆಗೆ ಸಿಕ್ಕುವುದು ಕಟ್ಟಿಗೆಯ ತೂಕ ಮಾತ್ರ. ವಾಟೆಹುಳಿ, ಜೇನು, ಕೆರೆಗೆ ಇಳಿಯುವ ನೀರು, ಮೇದಾರನ ಬಿದಿರು ಯಾವ ಕೋಷ್ಟಕದಲ್ಲಿಯೂ ಬರುವುದಿಲ್ಲ. ಕಾನನ್ನು ಸಾಕಿದವನೂ ‘ಎಷ್ಟು ಬೆಳೆಯುವುದೋ ಅಷ್ಟು’ ಎಂದೇ ನಡೆದವನು. ಆದರೆ ಅವನ ಕಾಡಿನಲ್ಲಿ ಬೆಳೆಯುತ್ತಿದ್ದುದು ಇಪ್ಪತ್ತು ಬಗೆ, ಕುಲುಮೆಯ ಕಾಡಿನಲ್ಲಿ ಬೆಳೆಯಬೇಕಾದದ್ದು ಒಂದೇ ಬಗೆ.

1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಕಾವನ್ನು ಜೋಗದ ವಿದ್ಯುತ್ತು ಕೊಟ್ಟುದರಿಂದ ಇದ್ದಿಲಿನ ಬೇಡಿಕೆ ಇಳಿಯಿತು. ಕಾಡು ಉಳಿಯಿತೆಂದು ಹೇಳೋಣವೆ? ವಿದ್ಯುತ್ತಿಗಾಗಿಯೇ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ಮುಳುಗಿತು. ಮುಳುಗಿದ ಊರುಗಳ ಜನರನ್ನು ತಂದು ಬಿಟ್ಟದ್ದು ಬೇರೆ ಕಡೆಯ ಕಾಡುಗಳಲ್ಲಿ. ಅವರ ನೆಲದ ಹಕ್ಕಿನ ಪ್ರಶ್ನೆ ಅರವತ್ತು ವರ್ಷಗಳಾದರೂ ಕಚೇರಿಗಳನ್ನು ಸುತ್ತುತ್ತಿದೆ.

ಕಬ್ಬಿಣದ ಬಳಿಕ ಕಾಗದ. ಮೈಸೂರು ಕಾಗದ ಕಾರ್ಖಾನೆ ಭದ್ರಾವತಿಯಲ್ಲಿ ಸ್ಥಾಪಿತವಾದದ್ದು 1936ರಲ್ಲಿ. ಅದರ ಆಹಾರ ಬಿದಿರು. ನಾವು ಸಾಹಿತ್ಯದವರು ಇಲ್ಲಿ ಸ್ವಲ್ಪ ತಲೆತಗ್ಗಿಸಿ ಮಾತನಾಡಬೇಕು. ನಾವು ಓದಿದ ಪುಸ್ತಕಗಳಲ್ಲಿ, 1981ರ ಈಚೆಗೆ ಬೆಳಗಿನ ಪತ್ರಿಕೆಗಳಲ್ಲಿ, ಮಲೆನಾಡಿನ ಮೆಳೆಗಳು ಎಷ್ಟಿದ್ದವೋ ಬಲ್ಲವರಿಲ್ಲ. ಕಾಡಿನ ಸೊಬಗನ್ನು ಕುರಿತ ಕವಿತೆಯನ್ನು ಅಚ್ಚುಹಾಕಲು ಬಿದಿರು ಕಡಿಯಬೇಕಾಗುತ್ತದೆ. ನೆರೆಯ ದಾಂಡೇಲಿಯ ಕಾಗದದ ಗಿರಣಿಗೆ 1958ರಲ್ಲಿ ಸರ್ಕಾರ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಬುಟ್ಟಿ ಹೆಣೆಯುವ ಮೇದಾರನಿಗೆ ಆ ಬೆಲೆಗೆ ಬಿದಿರು ಕನಸಿನಲ್ಲಿಯೂ ಸಿಗುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ವೇಳೆಗೆ ಬಿದಿರು ಬರಿದಾಗತೊಡಗಿ, ತಪ್ಪು ಮೇದಾರರದು, ದನ ಮೇಯಿಸುವವರದು ಎಂಬ ಮಾತು ಹುಟ್ಟಿತು. ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ತಂಡದಿಂದ ಅಧ್ಯಯನ ಮಾಡಿಸಿತು. ಆಗ ಹೊರಬಿದ್ದ ಒಂದು ಸಂಗತಿಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಅದರ ಬುಡದ ಮುಳ್ಳುಗಳನ್ನು ಸವರಿ ಶುಚಿಮಾಡಬೇಕೆಂದು ಶಾಸ್ತ್ರದ ವಿಧಿಯಿತ್ತು, ಹಾಗೆಯೇ ಮಾಡಲಾಗುತ್ತಿತ್ತು. ಮುಳ್ಳು ಹೋದುದರಿಂದ ಎಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗೂ ಸುಲಭದ ತುತ್ತಾಯಿತು. ಮುಳ್ಳು ಬಿದಿರಿನ ಮಕ್ಕಳಿಗೆ ಬೇಲಿ ಎಂಬುದು ಹಳ್ಳಿಯವರಿಗೆ ತಿಳಿದಿತ್ತು, ಆದರೆ ಅವರನ್ನು ಕೇಳುವ ಪದ್ಧತಿಯಿರಲಿಲ್ಲ. ವಿಜ್ಞಾನಿಗಳು ಕೇಳಿದರು, ಅಳೆದರು, ಹೌದೆಂದು ಕಂಡುಕೊಂಡರು. ವಿಜ್ಞಾನದ ಮೇಲೆ ನನಗಿರುವ ಗೌರವ ಇಂಥ ಕಡೆಯೇ ಹೆಚ್ಚುತ್ತದೆ.

ಬಿದಿರು ಸಾಲದಾದಾಗ ಅಕೇಶಿಯಾ, ನೀಲಗಿರಿಗಳ ಕಾಲ ಬಂದಿತು. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ನೆಡುತೋಪುಗಳಿಗಾಗಿ ಅರಣ್ಯಭೂಮಿಯನ್ನು 40 ವರ್ಷಗಳ ಗೇಣಿಗೆ ಕೊಡಲಾಯಿತು. 1984ರಲ್ಲಿ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸರ್ಕಾರದ ಅರಣ್ಯ ನಿಗಮವೂ ಕೂಡಿ ಇನ್ನೊಂದು ಸಂಸ್ಥೆ ಮಾಡಿಕೊಂಡು, ಹಳ್ಳಿಗರು ಹುಲ್ಲು ಸೌದೆಗಳಿಗೆ ನಂಬಿದ್ದ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ನೆಡಲು ಹೊರಟವು. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನವರೆಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೋ ಹಚ್ಚಿಕೋ’. ಕನ್ನಡದ ಎರಡು ಕ್ರಿಯಾಪದಗಳಲ್ಲಿ ಇಡೀ ವಾದವನ್ನು ಹೇಳಿಬಿಟ್ಟ ಆ ಹೆಸರನ್ನು ಇಟ್ಟವರು ಯಾರೇ ಆಗಲಿ, ಭಾಷೆಯನ್ನು ಬಲ್ಲವರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಭದ್ರಾವತಿಯ ಗೇಣಿಯ ಕಥೆ ಹಾಗೆ ಮುಗಿಯಲಿಲ್ಲ. 2015ರಲ್ಲಿ ಕಾಗದ ಕಾರ್ಖಾನೆಯೇ ನಿಂತಿತು. ಉಣ್ಣುವವನು ಹೋದ ಮೇಲೂ ಉಣಿಸು ಬೆಳೆಯುತ್ತಲೇ ಇದ್ದಿತು. 2020ರಲ್ಲಿ ಗೇಣಿಯ ಅವಧಿ ತೀರಿದಾಗ, ನೆಲ ಮರಳಿ ಸಹಜ ಕಾಡಾಗಲೆಂದು ಮಲೆನಾಡಿನವರು ಆಸೆಪಟ್ಟರು. ಸರ್ಕಾರ 20,000 ಹೆಕ್ಟೇರಿಗೂ ಮಿಕ್ಕ ಭೂಮಿಯ ಗೇಣಿಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂಬ ಚಳವಳಿ ಆಗ ಶಿವಮೊಗ್ಗ ಜಿಲ್ಲೆಯ ಊರೂರುಗಳಲ್ಲಿ ನಡೆಯಿತು. ಅಕೇಶಿಯಾ ತೋಪಿನಲ್ಲಿ ನಡೆದವರಿಗೆ ಗೊತ್ತು, ಅಲ್ಲಿ ನೆರಳಿದೆ, ಸದ್ದಿಲ್ಲ. ಉದುರಿದ ಎಲೆ ಚರ್ಮದಂತೆ ಬಿದ್ದಿರುತ್ತದೆ, ಬೇಗ ಕೊಳೆಯುವುದಿಲ್ಲ. ಆದರೂ ಈ ಮರವನ್ನು ರಾಕ್ಷಸನೆಂದು ಬೈಯುವುದರಲ್ಲಿ ನನಗೆ ಉತ್ಸಾಹವಿಲ್ಲ. ಅದು ತನ್ನ ಆಸ್ಟ್ರೇಲಿಯಾದಲ್ಲಿ ಸಭ್ಯವಾಗಿಯೇ ಇದ್ದ ಮರ. ಬೋಳಾದ ಗುಡ್ಡದಲ್ಲಿ ಸೌದೆಗೆ ಗತಿಯಿಲ್ಲದವರಿಗೆ ಅದು ಉಪಕಾರವನ್ನೂ ಮಾಡಿದೆ. ಬೋಳಾಗದ ಗುಡ್ಡವನ್ನು ಬೋಳುಮಾಡಿ ಅದನ್ನು ನೆಡಿಸಿದ ಲೆಕ್ಕಾಚಾರವೇ ಬೇರೆ.

ಇನ್ನು ಸ್ವಂತ ನೆಲವುಳ್ಳವನ ಪಾಡು. ಅವನಿಗೆ ಸಲಹೆ ಕೊಡುವುದಕ್ಕೆ ಮೊದಲು 1976ರ ಮರ ಸಂರಕ್ಷಣಾ ಕಾಯಿದೆಯನ್ನು ಓದಬೇಕು. ಖಾಸಗಿ ನೆಲದ ಮರ ಕಡಿಯಲೂ ಅನುಮತಿ ಬೇಕೆಂದು ಅದು ಹೇಳುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ನೀಲಗಿರಿ, ಸಿಲ್ವರ್ ಓಕ್, ಗಾಳಿಮರ ಮುಂತಾದ ಕೆಲವಕ್ಕೆ ಆ ಅನುಮತಿಯ ಅಗತ್ಯವಿಲ್ಲವೆಂದು ವಿನಾಯಿತಿಯಿದೆ. ಒಬ್ಬ ರೈತ ಮತ್ತಿಯನ್ನೋ ಹೊನ್ನೆಯನ್ನೋ ಮೂವತ್ತು ನಲವತ್ತು ವರ್ಷ ಸಾಕಿದರೆ ಮಗಳ ಮದುವೆಗೆಂದು ಕಡಿಯಲು ಅರ್ಜಿ ಹಿಡಿದು ಅಲೆಯಬೇಕು. ಸಿಲ್ವರ್ ಓಕ್ ನೆಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ. ನಾಡಮರಗಳನ್ನು ಕಾಯಲೆಂದು ಮಾಡಿದ ಕಾಯಿದೆಯೇ ನಾಡಮರವನ್ನು ನೆಡದಂತೆ ರೈತನಿಗೆ ಬುದ್ಧಿ ಹೇಳುತ್ತಿದೆ. ಮುಂದೆ 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತಾದರೂ, ಮತ್ತಿ ಹೊನ್ನೆಗಳ ದಾರಿ ಅದರಿಂದ ಸುಗಮವಾಗಲಿಲ್ಲ.

ಸೊಪ್ಪಿನಬೆಟ್ಟದ ಸ್ಥಿತಿ ಇನ್ನೂ ವಿಚಿತ್ರ. ನೆಲ ಸರ್ಕಾರದ್ದು, ಸೊಪ್ಪು ತೋಟಿಗನದು, ದಿಮ್ಮಿ ಇಲಾಖೆಯದು, ಬೇಲಿ ಯಾರದೂ ಅಲ್ಲ. ಕೊಟ್ಟಿಗೆಯಲ್ಲಿ ದನ ಕಡಮೆಯಾಗಿ, ಚೀಲದ ಗೊಬ್ಬರ ಬಂದು, ಸೊಪ್ಪು ಕಡಿಯುವ ಕೈಗಳು ಬೆಂಗಳೂರಿಗೆ ಹೋಗಿ, ಅಡಕೆಯ ಬೆಲೆ ಏರಿದ ಮೇಲೆ ಬೆಟ್ಟವೇ ತೋಟವಾಗುತ್ತಿದೆ. ಬೆಟ್ಟದಿಂದ ಇಳಿಯುತ್ತಿದ್ದ ನೀರು ನಿಂತು ಕೆಳಗಿನ ಹಳೆಯ ತೋಟಕ್ಕೆ ಕೊಳವೆಬಾವಿ ಬೇಕಾಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ನೋಡಿದ್ದೇನೆ. ಬೇರೆ ರೀತಿ ನಡೆಯುತ್ತಿರುವವರೂ ಇದ್ದಾರೆ. ಬೆಟ್ಟಕ್ಕೆ ಬೇಲಿ ಹಾಕಿ ದನ, ಬೆಂಕಿಗಳನ್ನು ಹೊರಗಿಟ್ಟು, ಇಂಗುಗುಂಡಿ ತೋಡಿ, ಉಪ್ಪಾಗೆ, ಮುರುಗಲು, ಅಪ್ಪೆಮಿಡಿ, ದಾಲ್ಚಿನ್ನಿಗಳನ್ನು ನೆಟ್ಟು, ಮರಗಳಿಗೆ ಮೆಣಸು ಹಬ್ಬಿಸುತ್ತಿದ್ದಾರೆ. ಅವರಿಗೆ ತರಬೇತಿ ಕೊಡಲು ಬಂದ ಯುವ ತಜ್ಞರೊಬ್ಬರು ಬಹುಸ್ತರದ ಬೆಳೆ ಎಂದು ಅದನ್ನು ವಿವರಿಸುತ್ತಿದ್ದರು. ಮುಂದೆ ಕುಳಿತಿದ್ದ ವೃದ್ಧರೊಬ್ಬರು ಪಕ್ಕದವರನ್ನು ಕೇಳಿದರು: ‘ಕಾನು ಅಂತಾರಲ್ಲ, ಅದನ್ನೇ ಹೇಳ್ತಿದಾರಾ?’

ಸೊರಬ, ಸಾಗರಗಳ ಪಹಣಿ ಪತ್ರಗಳಲ್ಲಿ ನೆಲದ ಬಗೆಯನ್ನು ಬರೆಯುವ ಅಂಕಣದಲ್ಲಿ ಈಗಲೂ ಕಾನು ಎಂಬ ಪದ ಇದೆ. ಅದು ಕಂದಾಯ ಇಲಾಖೆಯ ಭೂಮಿಯೇ, ಅರಣ್ಯ ಇಲಾಖೆಯದೇ ಎಂಬ ಪತ್ರವ್ಯವಹಾರ ಒಂದೆಡೆ ನಡೆದಿರುತ್ತದೆ. ಇನ್ನೊಂದೆಡೆ ಆ ಸರ್ವೆ ನಂಬರಿನ ಅಂಚಿನಲ್ಲಿ ಶುಂಠಿಯ ಪಾತಿ ಎದ್ದಿರುತ್ತದೆ. 1868ರಲ್ಲಿ ಎಣಿಸಿದ 171 ಕಾನುಗಳನ್ನು ಅದೇ ಪಟ್ಟಿ ಹಿಡಿದು, ಊರವರನ್ನು ಜೊತೆಗೆ ಕರೆದುಕೊಂಡು, ಒಂದೊಂದಾಗಿ ಮತ್ತೆ ನೋಡಿಬರುವ ಕೆಲಸಕ್ಕೆ ಶಿವಮೊಗ್ಗದ ಕಾಲೇಜುಗಳ ಹತ್ತು ಮಂದಿ ವಿದ್ಯಾರ್ಥಿಗಳೂ ಎರಡು ಬೇಸಗೆ ರಜೆಗಳೂ ಸಾಕು.